ಹೊಸ ಗಾಡಿಗಲ್ಲ, ಹಳೆಯ ಹೊಗೆಗೆ ನಿಯಮ ಬಿಗಿಯಾಗಲಿ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದು ಹಳೇಬೀಡಿಗೆ ಹೊರಟರೆ ಮುಂದಿನ ದಾರಿ ಬಹುಪಾಲು ಡೀಸೆಲ್‌ನದೇ. ಬಾಣಾವರ, ಜಾವಗಲ್ ದಾಟುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸಾರಿಗೆ ಬಸ್ಸು, ತೆಂಗಿನಕಾಯಿ ಲಾರಿ, ಪ್ರವಾಸಿಗರ ಟೆಂಪೊ ಟ್ರಾವೆಲರ್, ಟ್ರ್ಯಾಕ್ಟರ್. ಹಳೇಬೀಡಿನಿಂದ ಬೇಲೂರಿಗೆ ಮತ್ತೆ 16 ಕಿ.ಮೀ. 2023ರ ಸೆಪ್ಟೆಂಬರ್‌ನಲ್ಲಿ ಈ ಎರಡೂ ಊರುಗಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದವು. ಅವುಗಳ ಮುಂದೆ ಎಳನೀರು ಮಾರುವವರು, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳು ಉಸಿರಾಡುವ ಗಾಳಿಯ ಬಗ್ಗೆ ಮಾತ್ರ ಯಾರೂ ಕೇಳುತ್ತಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದ್ದು 2012ರಲ್ಲಿ.

ನಿಯಮ ಬಿಗಿಯಾಗಲೇಬೇಕು. ಆದರೆ ಎಲ್ಲಿ? ಹೊಸ ವಾಹನಗಳಿಗೆ 2020ರ ಏಪ್ರಿಲ್ 1ರಿಂದಲೇ ಬಿಎಸ್-6 ಹೊಗೆ ಮಾನದಂಡ ಬಂದಿದೆ. ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡ್‌ಗಳದ್ದು 250ರಿಂದ 80ಕ್ಕೆ ಬಂತು. ಆದರೆ ಅದಕ್ಕೆ ಮೊದಲು ಮಾರಾಟವಾದ ಲಾರಿ, ಬಸ್ಸುಗಳು ಇವತ್ತಿಗೂ ತಮ್ಮ ಕಾಲದ ಮಾನದಂಡದಲ್ಲೇ ಓಡುತ್ತಿವೆ. ರಸ್ತೆಯಲ್ಲಿ ಕಣ್ಣುರಿಸುವುದು ಹೆಚ್ಚಾಗಿ ಅವುಗಳ ಹೊಗೆ.

ಆ ಹೊಗೆಯನ್ನು ಹಿಡಿಯಬೇಕಾದ ಪರೀಕ್ಷೆಯೇ ದುರ್ಬಲವಾಗಿದೆ. ಎಮಿಷನ್ ಪರೀಕ್ಷೆ ಮಾಡಿಸುವಾಗ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತುತ್ತಾರೆ. ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರ ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕದಲ್ಲೇ ಇಲ್ಲ. ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಕಣಗಳೂ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ಕಣ ತಡೆಯುವ ಫಿಲ್ಟರ್ ಒಡೆದ ಬಿಎಸ್-6 ಗಾಡಿಯೂ ಪಾಸಾಗಿಬಿಡಬಹುದು. ನೆದರ್‌ಲ್ಯಾಂಡ್ಸ್ 2023ರ ಜನವರಿಯಿಂದ, ಜರ್ಮನಿ ಅದೇ ವರ್ಷದ ಜುಲೈಯಿಂದ, ಫಿಲ್ಟರ್ ಇರುವ ಡೀಸೆಲ್ ಗಾಡಿಗಳ ತಪಾಸಣೆಯಲ್ಲಿ ಕಣಗಳನ್ನು ಎಣಿಸತೊಡಗಿವೆ. ನಮ್ಮಲ್ಲಿ ಎಂಟು ವರ್ಷ ದಾಟಿದ ಬಾಡಿಗೆ ವಾಹನಗಳು ಪ್ರತಿ ವರ್ಷ ಅರ್ಹತಾ ಪರೀಕ್ಷೆಗೆ (ಎಫ್‌ಸಿ) ಬರಲೇಬೇಕು. ಎಣಿಕೆಯ ಯಂತ್ರ ಮೊದಲು ಬರಬೇಕಾದದ್ದು ಅಲ್ಲಿಗೆ.

ದೆಹಲಿಯ ದಾರಿ ನಮಗೆ ಬೇಡ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತು. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡು ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವವನಿಗೆ ಅಂಥ ಆದೇಶ ಹೊಟ್ಟೆಯ ಮೇಲಿನ ಹೊಡೆತ. ಚೆನ್ನಾಗಿ ನೋಡಿಕೊಂಡ ಹಳೆಯ ಇಂಜಿನ್ನಿಗೂ ಫಿಲ್ಟರ್ ಕಿತ್ತುಹಾಕಿದ ಹೊಸ ಗಾಡಿಗೂ ವ್ಯತ್ಯಾಸ ಗೊತ್ತಾಗುವುದು ಹೊಗೆ ಅಳೆದಾಗ, ವಯಸ್ಸು ನೋಡಿದಾಗ ಅಲ್ಲ.

ಬಿಗಿ ಸರ್ಕಾರದ ಮನೆಯಿಂದಲೇ ಶುರುವಾಗಲಿ. 2023ರ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅದು ಒಳ್ಳೆಯದೇ, ಒಂದು ತುಂಬಿದ ಬಸ್ಸು ಹತ್ತಾರು ಗಾಡಿಗಳ ಹೊಗೆ ಉಳಿಸುತ್ತದೆ. ಹಾಸನ–ಬೇಲೂರು–ಹಳೇಬೀಡು ಮಾರ್ಗಕ್ಕೆ ವಿದ್ಯುತ್ ಬಸ್ಸು ಕೊಟ್ಟರೆ ಆ ಉಳಿತಾಯ ಇಮ್ಮಡಿಯಾದೀತು. ಹಂಪಿಯಲ್ಲಿ ವಿಜಯ ವಿಠ್ಠಲ ದೇಗುಲಕ್ಕೆ ಬ್ಯಾಟರಿ ಗಾಡಿಗಳು ಓಡುತ್ತಿವೆ. ಬೇಲೂರಿನಲ್ಲಿ 1117ರ ಚೆನ್ನಕೇಶವ ದೇಗುಲದ ಬೀದಿಗೂ ಅವು ಬರಲಿ. ಇದಕ್ಕೆಲ್ಲ ಹಣ, ಸಮಯ ಬೇಕು, ಒಪ್ಪೋಣ. ಬೇಲೂರು ನಿಲ್ದಾಣದಲ್ಲಿ ನಿಂತ ಬಸ್ಸಿನ ಇಂಜಿನ್ ಆರಿಸಲು ಮಾತ್ರ ಡಿಪೋದಿಂದ ಒಂದು ಆದೇಶ ಹೊರಟರೆ ಸಾಕು. ಅದು ನಾಳೆಯೇ ಆಗಬಹುದು.