ನಾಯಿಗಳಿಗೆ ಪ್ರವೇಶವಿಲ್ಲ

ಇಂಥ ಫಲಕವನ್ನು ಮೊತ್ತಮೊದಲು ತೂಗಹಾಕಿದವನು ದೇವೇಂದ್ರನೇ ಇರಬೇಕು. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲೇ ಕಳೆದುಕೊಂಡು ಬಂದ ಧರ್ಮರಾಯನಿಗೆ ಸ್ವರ್ಗದ ರಥ ಸಿದ್ಧವಾಗಿತ್ತು. ಅವನನ್ನು ಹಿಂಬಾಲಿಸಿ ಬಂದ ನಾಯಿಗೆ ಮಾತ್ರ ಅದರಲ್ಲಿ ಎಡೆಯಿರಲಿಲ್ಲ. ಧರ್ಮರಾಯ ವಾದಿಸಿದ, ಗೆದ್ದ. ನಮ್ಮ ಮನೆಯ ಕಾಳುವಿನ ಪರವಾಗಿ ವಾದಕ್ಕಿಳಿದ ನಾನು ಗೆಲ್ಲಲಿಲ್ಲ. ನಿಜ ಹೇಳಬೇಕೆಂದರೆ, ವಾದದ ನಡುವೆಯೇ ಅರ್ಧ ಪಕ್ಷಾಂತರ ಮಾಡಿದೆ. ಆ ಸಂಗತಿಯನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡುತ್ತಿದ್ದೇನೆ.

ನಮ್ಮೂರು ಹೊನ್ನಾವರ ತಾಲ್ಲೂಕಿನ ಕಡಲಂಚಿನದು. ಅಪ್ಪ ಮೀನುಗಾರ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಬ್ಯಾಂಕಿನ ಕಾಗದದಿಂದ ಔಷಧದ ಸೀಸೆಯವರೆಗೆ ಅಕ್ಷರವಿದ್ದುದೆಲ್ಲ ನನ್ನ ಪಾಲಿಗೆ ಬರುತ್ತದೆ. ಹೋದ ವರ್ಷ ನಮ್ಮ ಮರಳ ದಂಡೆಯ ಮೇಲೆ ಒಂದು ತಗಡಿನ ಫಲಕ ಎದ್ದಿತು. ಅದರಲ್ಲಿದ್ದುದು ಇಂಗ್ಲಿಷ್ ಮಾತ್ರ. ಓದಿ ಅರ್ಥ ಹೇಳಿದೆ. ಅಜ್ಜಿ ನಕ್ಕಳು. ಅಪ್ಪ, “ನಾಯಿಗೆ ಓದೂಕೆ ಬರ್ತದ್ಯ ತಮಾ?” ಎಂದು ಕೇಳಿ, ಹರಿದ ಬಲೆಯ ಕಡೆಗೆ ತಿರುಗಿದ.

ನನಗೆ ಸಿಟ್ಟು ಬಂದಿತು. ಕಾಳು ಕಡಲತೀರವನ್ನು ಎಂದೂ ‘ಪ್ರವೇಶಿಸಿ’ದವಳಲ್ಲ, ಅಲ್ಲಿಯೇ ಹುಟ್ಟಿ, ಒಣಹಾಕಿದ ಮೀನಿಗೆ ಕಾಗೆ ಎರಗದಂತೆ ಕಾದು, ತನ್ನ ಕೂಳನ್ನು ತಾನೇ ದುಡಿದುಕೊಂಡವಳು. ಪಟ್ಟಣದಿಂದ ಕಾರಿನಲ್ಲಿ ಬಂದಿಳಿಯುವ ನಾಯಿಗೆ ಕೊರಳಪಟ್ಟಿಯುಂಟು, ಹಗ್ಗ ಹಿಡಿಯಲು ಯಜಮಾನನುಂಟು. ಫಲಕ ಬರೆದವರ ಮನಸ್ಸಿನಲ್ಲಿದ್ದುದು ಈ ನಾಯಿ. ನಮ್ಮದನ್ನು ಯಾರೂ ‘ವಾಯುಸೇವನೆ’ಗೆ ಕರೆದೊಯ್ಯುವುದಿಲ್ಲ, ಅದೇ ನಮ್ಮನ್ನು ಕರೆದೊಯ್ಯುತ್ತದೆ. ಹಾಗಿರುವಾಗ ಈ ನಿಯಮ ನಮಗೆ ಅನ್ವಯಿಸುವುದೆಂತು? ಇದನ್ನೆಲ್ಲ ಬರೆದು ಒಂದು ಅರ್ಜಿಯನ್ನೂ ಸಿದ್ಧಪಡಿಸಿದ್ದೆ.

ಅರ್ಜಿ ಕೊಡುವ ಮುನ್ನ ಜನವರಿಯ ಒಂದು ಮುಂಜಾನೆ ಅಪ್ಪ ನನ್ನನ್ನು ಎಬ್ಬಿಸಿ ದಂಡೆಗೆ ಕರೆದುಕೊಂಡು ಹೋದ. ಮರಳಿನಲ್ಲಿ ಮೊಳದುದ್ದದ ಗುಂಡಿ. ಸುತ್ತಲೂ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಮೊಟ್ಟೆಗಳ ಸಿಪ್ಪೆ. ಕಾಳು ಸ್ವಲ್ಪ ದೂರದಲ್ಲಿ ಕುಳಿತು ಮೂತಿ ನೆಕ್ಕಿಕೊಳ್ಳುತ್ತಿದ್ದಳು. ಆಲಿವ್ ರಿಡ್ಲೆ ಎಂಬ ಕಡಲಾಮೆ ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ ಹೊರಟುಹೋಗುತ್ತದೆ. ತಿರುಗಿ ನೋಡಲು ಬರುವುದಿಲ್ಲ. ಮರಿಗಳು ಹೊರಬೀಳಲು ನಲವತ್ತೈದರಿಂದ ಅರವತ್ತು ದಿನ ಬೇಕು. ಅಷ್ಟು ದಿನವೂ ಅವುಗಳಿಗೆ ಮರಳೇ ತಾಯಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಈ ಆಮೆಯ ಹೆಸರಿದೆಯೆಂಬುದನ್ನು ನಾನು ಓದಿ ಬಲ್ಲೆ. ಓದದ ಅಪ್ಪ, ಬಲೆಗೆ ಬಿದ್ದ ಆಮೆಗೆ ಕೈಮುಗಿದು ನೀರಿಗೆ ಬಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಂದು ಅವನು ನಾಯಿಯನ್ನು ಬೈಯಲಿಲ್ಲ. ಸಿಪ್ಪೆಗಳನ್ನು ಗುಂಡಿಗೆ ಹಾಕಿ ಮರಳು ಮುಚ್ಚಿದ.

ನನ್ನ ಅರ್ಜಿ ಚೀಲದಲ್ಲಿಯೇ ಉಳಿಯಿತು. ಆದರೆ ಆ ತಗಡಿನ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಬೇರೆ ಬಗೆಯದಾಯಿತು. ನಾಯಿ ಬೇಡವೆನ್ನಲು ಇಷ್ಟು ದೊಡ್ಡ ಕಾರಣವಿದ್ದೂ ಅದನ್ನು ಒಂದು ಸಾಲಿನಲ್ಲಿ, ನಮ್ಮ ಭಾಷೆಯಲ್ಲಿ ಹೇಳಬಾರದಿತ್ತೆ? ಇನ್ನೊಂದು ಕಾರಣವೂ ಉಂಟು: ನಾಯಿಯ ಹೇಸಿಗೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳಿದ್ದರೆ ಅದರ ಮರಿ ಮರಳಿನಲ್ಲಿ ಬೆಳೆದು ಬರಿಗಾಲಿನ ಚರ್ಮವನ್ನು ಹೊಕ್ಕು ತುರಿಕೆಯ ಗೆರೆ ಎಳೆಯುತ್ತದೆ. ಬರಿಗಾಲಿನಲ್ಲಿ ಓಡಾಡುವವರು ಯಾರು? ಪ್ರವಾಸಿಗಳಿಗಿಂತ ಹೆಚ್ಚಾಗಿ ನಮ್ಮ ಮಕ್ಕಳೇ.

2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ‘ನೀಲಿ ಧ್ವಜ’ದ ಮನ್ನಣೆ ಬಂದಾಗ ನಮ್ಮ ಹೊನ್ನಾವರದ ಕಾಸರಕೋಡೂ ಉಡುಪಿ ಜಿಲ್ಲೆಯ ಪಡುಬಿದ್ರಿಯೂ ಅದರಲ್ಲಿದ್ದುವು. ಆ ಮನ್ನಣೆಯ ಕಟ್ಟಳೆಗಳಲ್ಲಿ, ತೀರಕ್ಕೆ ನಾಯಿ ಮತ್ತಿತರ ಸಾಕುಪ್ರಾಣಿಗಳು ಬರುವುದನ್ನು ಬಿಗಿಯಾಗಿ ನಿಯಂತ್ರಿಸಬೇಕೆಂಬುದೂ ಒಂದು. ನಿಯಂತ್ರಣ ಬೇರೆ, ನಿಷೇಧ ಬೇರೆ. ಬೋರ್ಡು ಬರೆಯುವವರಿಗೆ ಎರಡನೆಯದು ಸುಲಭ, ಬಣ್ಣವೂ ಕಡಿಮೆ ಸಾಕು!

ನಿಷೇಧದ ಗತಿ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಕಬ್ಬನ್ ಪಾರ್ಕನ್ನು ನೋಡಬಹುದು. ಹಗ್ಗ ಬಿಚ್ಚಿ ಓಡಾಡಿಸುವವರ ಮತ್ತು ಹೇಸಿಗೆ ಎತ್ತದವರ ಮೇಲಿನ ದೂರುಗಳಿಂದಾಗಿ 2022ರಲ್ಲಿ ಅಲ್ಲಿಗೆ ಸಾಕುನಾಯಿಗಳನ್ನೇ ತರಬಾರದೆಂಬ ತೀರ್ಮಾನವಾಗಿತ್ತು. ನಾಯಿ ಸಾಕಿದವರು ವಿರೋಧಿಸಿದರು, ತೀರ್ಮಾನ ಮುಂದೆ ಹೋಯಿತು. ತಪ್ಪು ಮಾಡಿದವನಿಗೆ ದಂಡ ಹಾಕುವುದು ಬಿಟ್ಟು ಎಲ್ಲರನ್ನೂ ಹೊರಗಿಡಹೊರಟರೆ ಹೀಗೆಯೇ. ತನ್ನ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸಜೆ ಇಲ್ಲವೆ 5,000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ, ಎಂದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಹೇಳುತ್ತದೆ. ಕಾನೂನಿಗೆ ಬರವಿಲ್ಲ.

ಪರದೇಶದವರು ಕಾಲವನ್ನು ಹಂಚಿಕೊಂಡಿದ್ದಾರೆ. ಇಂಗ್ಲೆಂಡಿನ ಅನೇಕ ಕಡಲತೀರಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ, ಅಂದರೆ ಜನ ಸ್ನಾನಕ್ಕೆ ಬರುವ ಬೇಸಗೆಯಲ್ಲಿ, ನಾಯಿಗೆ ತಡೆ. ಮಿಕ್ಕ ತಿಂಗಳು ಅವು ಸ್ವತಂತ್ರ. ನ್ಯೂಯಾರ್ಕಿನ ಕೆಲವು ಪಾರ್ಕುಗಳಲ್ಲಿ ರಾತ್ರಿ ಒಂಬತ್ತರಿಂದ ಪಾರ್ಕು ಮುಚ್ಚುವವರೆಗೆ, ಮತ್ತೆ ಪಾರ್ಕು ತೆರೆದಾಗಿನಿಂದ ಬೆಳಿಗ್ಗೆ ಒಂಬತ್ತರವರೆಗೆ ಹಗ್ಗವಿಲ್ಲದೆ ಬಿಡಬಹುದು. ಆದರೆ ಹೇಸಿಗೆಯನ್ನು ಯಜಮಾನನೇ ಎತ್ತಬೇಕೆಂಬ ಕಾನೂನು 1978ರಿಂದಲೂ ಇದೆ. ಇವನ್ನು ಹಾಗೆಯೇ ಎತ್ತಿ ತಂದು ನಮ್ಮಲ್ಲಿ ನೆಡಬೇಕೆಂದು ನಾನು ಹೇಳುವುದಿಲ್ಲ. ಅವರ ಬೇಸಗೆಯ ತಿಂಗಳುಗಳಲ್ಲಿ ನಮ್ಮಲ್ಲಿ ಮುಂಗಾರಿನ ಅಬ್ಬರ. ದಂಡೆಯಲ್ಲಿ ನಾಯಿಯೂ ನಿಲ್ಲದು. ರಾತ್ರಿ ನಾಯಿ ಬಿಡುವ ಪದ್ಧತಿಯಂತೂ ನಮ್ಮ ಆಮೆಗೆ ಮಾರಕ. ನಮಗೆ ಬೇಕಾದುದು ದೀಪಾವಳಿ ಕಳೆದಂದಿನಿಂದ ಬೇಸಗೆಯವರೆಗೆ, ಆಮೆ ಬರುವ ತಿಂಗಳುಗಳಲ್ಲಿ, ಕತ್ತಲಾದ ಮೇಲೆ ನಾಯಿಯನ್ನು ಕಟ್ಟಬೇಕೆಂಬ ನಿಯಮ. ಅದು ಕಾರಿನಲ್ಲಿ ಬಂದ ನಾಯಿಗೂ ಒಂದೇ, ಕಾಳುವಿಗೂ ಒಂದೇ ಆಗಿರಲಿ. ಹಗಲು ಹಗ್ಗ ಹಿಡಿದು ತಿರುಗಾಡುವವರು ತಿರುಗಾಡಲಿ. ಕೈಯಲ್ಲಿ ಒಂದು ಚೀಲವಿರಲಿ. ಮೀನು ಒಣಗಿಸುವ ಜಾಗದಲ್ಲಿ ಕಾವಲು ನಾಯಿ ಇರಲಿ. ಇದನ್ನು ಗೊತ್ತುಮಾಡುವ ದಿನ ಬಲೆ ಹೊಲಿಯುವವರನ್ನೂ ಕರೆದು ಕೂರಿಸಿದರೆ ಆಮೆ ಎಲ್ಲಿ ಹತ್ತುತ್ತದೆಂಬುದನ್ನು ಅವರೇ ಬೆರಳಿಟ್ಟು ತೋರಿಸಿಯಾರು.

ಹೊಸ ಅರ್ಜಿಯನ್ನು ಈ ಸಲ ಕನ್ನಡದಲ್ಲೇ ಬರೆದು, ಅಪ್ಪನಿಗೆ ಓದಿ ಹೇಳಿ, ಅವನ ರುಜುವನ್ನೂ ಹಾಕಿಸಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಅಪ್ಪ ಅದಕ್ಕೆ ಕಾದಿಲ್ಲ. ಹಳೆಯ ಬಲೆಯ ಹಗ್ಗದಿಂದ ಕಾಳುವನ್ನು ಸಂಜೆಯಾಗುತ್ತಲೇ ಜಗಲಿಯ ಕಂಬಕ್ಕೆ ಕಟ್ಟುತ್ತಾನೆ. ಅವಳು ಸರಿರಾತ್ರಿಯವರೆಗೂ ಕುಂಯ್‌ಗುಡುತ್ತಾಳೆ. ಅಜ್ಜಿಗೆ ನಿದ್ರೆಯಿಲ್ಲ, ಪರೀಕ್ಷೆಗೆ ಓದುವ ನನಗೂ ಇಲ್ಲ.