ಶಿಲಾಹಾರರು ಗೊತ್ತು, ರಾತ್ರಿಶಾಲೆ ಗೊತ್ತಿಲ್ಲ

ಠಾಣೆ, ಡೊಂಬಿವಲಿಯ ನಮ್ಮ ವೇದಿಕೆಗಳಲ್ಲಿ ಶಿಲಾಹಾರರ ಹೆಸರು ತಪ್ಪುವುದಿಲ್ಲ. ಅವರು ರಾಷ್ಟ್ರಕೂಟರ ಸಾಮಂತರು. ಅಂಬರನಾಥ ಗುಡಿಯ ಶಾಸನ 1060ರದು. ಸಂತೋಷ. ಆದರೆ ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಕಲ್ಯಾಣದಲ್ಲಿ ಮನೆ ಮಾಡಿದವರ ಹಾಜರಿ ಪುಸ್ತಕ ಎಲ್ಲಿದೆ? ಕೇಳಿದರೆ ರದ್ದಿಗೆ ಹೋಯಿತೆನ್ನುತ್ತಾರೆ. ಸ್ಮರಣ ಸಂಚಿಕೆ ತೆರೆದರೆ ಜಾಹೀರಾತು, ಶುಭಾಶಯ, ಶಾಲು ಹೊದ್ದವರ ಫೋಟೋ.

ಮುಂಬಯಿಯಲ್ಲಿ ಗ್ರಂಥಪಾಲಕರಾಗಿದ್ದ ಶ್ರೀನಿವಾಸ ಹಾವನೂರರು ಹಳೆಯ ಪತ್ರಿಕೆ, ಮರೆತ ಪುಸ್ತಕಗಳನ್ನು ಹುಡುಕಿ ‘ಹೊಸಗನ್ನಡದ ಅರುಣೋದಯ’ ಬರೆದರು. ಯಾರೋ ಜೋಪಾನ ಮಾಡಿದ್ದರಿಂದ ಅವು ಸಿಕ್ಕವು. ನಾವೋ, ಇತಿಹಾಸಕಾರರಿಗೆ ಶಾಲು ಹೊದಿಸುತ್ತೇವೆ, ಕಾಗದ ಕೊಡುವುದಿಲ್ಲ. ಕಲ್ಲು ಸಾವಿರ ವರ್ಷ ತಾಳೀತು. ಕಾಗದ ನಮ್ಮ ಮಳೆಗಾಲ ತಾಳದು. ವಾರ್ಷಿಕೋತ್ಸವದ ಒಂದು ಊಟದ ಖರ್ಚಿನಲ್ಲಿ ಕಪಾಟು, ಸ್ಕ್ಯಾನರ್ ಎರಡೂ ಬರುತ್ತವೆ. ಸಂಘಗಳು ಅದನ್ನು ಮಾಡಲಿ. ನೀವು ಇವತ್ತೇ ಅಟ್ಟದ ಟ್ರಂಕು ಇಳಿಸಿ.