ಜಾಮೀನಿಗಾಗಿ ಕಾದ ಕವಿ

ಅಮಾಡೊ ಹೆರ್ನಾಂಡೆಜ್ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಕೋರ್ಟ್ ಆದೇಶವೊಂದರಲ್ಲಿ. ದಾವಣಗೆರೆಯಲ್ಲಿ ಮಿಲ್ ಕಾರ್ಮಿಕರ ಪರವಾಗಿ ವಕೀಲಿಕೆ ನಡೆಸುತ್ತಿದ್ದ ಕಾಲವದು. 1956ರಲ್ಲಿ ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ ಮುಂದೆ ಜಾಮೀನು ಕೇಳಿ ನಿಂತಿದ್ದ ಆ ಆರೋಪಿ ಆ ದೇಶದ ದೊಡ್ಡ ಕವಿ ಎಂಬುದು ಆಮೇಲೆ ತಿಳಿಯಿತು. ಅವರ ಕಾವ್ಯದಷ್ಟೇ ಅವರ ಮೊಕದ್ದಮೆಯನ್ನೂ ನಾವು ಓದಬೇಕು ಎಂಬುದು ನನ್ನ ವಾದ.

1903ರಲ್ಲಿ ಹುಟ್ಟಿದ ಹೆರ್ನಾಂಡೆಜ್ ಬೆಳೆದದ್ದು ಮನಿಲಾದ ಟೊಂಡೊದಲ್ಲಿ, ದುಡಿಯುವವರ ಕೇರಿಗಳ ನಡುವೆ. ಅಮೆರಿಕದ ಆಳ್ವಿಕೆಯಲ್ಲಿ ಶಾಲೆಗೂ ಕಚೇರಿಗೂ ಇಂಗ್ಲಿಷೇ ದೊರೆಯಾಗಿದ್ದಾಗ ಅವರು ತಗಾಲೊಗ್‌ನಲ್ಲಿ ಬರೆದರು, ಆ ಭಾಷೆಯ ಪತ್ರಿಕೆ 'ಮಬುಹಾಯ್'ಗೆ ಸಂಪಾದಕರಾದರು. 1932ರಲ್ಲಿ ಅವರು ಮದುವೆಯಾದ ಅತಾಂಗ್ ದೆ ಲಾ ರಾಮಾ ರಂಗಭೂಮಿಯ ಹೆಸರಾಂತ ಗಾಯಕಿ. ಜಪಾನೀಯರು ದೇಶವನ್ನು ಆಕ್ರಮಿಸಿದಾಗ ಹೆರ್ನಾಂಡೆಜ್ ಗೆರಿಲ್ಲಾಗಳಿಗಾಗಿ ಗುಪ್ತ ಮಾಹಿತಿ ಕಲೆಹಾಕಿದರು. ಯುದ್ಧ ಮುಗಿದ ಮೇಲೆ ಮನಿಲಾ ನಗರಸಭೆಯ ಸದಸ್ಯರಾದರು. 1947ರಲ್ಲಿ ದೇಶದ ಪ್ರಮುಖ ಕಾರ್ಮಿಕ ಒಕ್ಕೂಟದ ಅಧ್ಯಕ್ಷ ಸ್ಥಾನ ಅವರ ಪಾಲಿಗೆ ಬಂತು.

ಆಗ ಮಧ್ಯ ಲೂಜಾನ್‌ನಲ್ಲಿ ಗೇಣಿದಾರರು ಬಂದೂಕು ಹಿಡಿದಿದ್ದರು. ಬೆಳೆದದ್ದರಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಜಮೀನ್ದಾರನ ಕಣಜಕ್ಕೆ ಸುರಿದು ಸಾಲದಲ್ಲೇ ಬದುಕುತ್ತಿದ್ದ ರೈತರು ಅವರು. ಜಪಾನೀಯರ ವಿರುದ್ಧ ಕಾದಾಡಿದ ಹುಕ್ ದಳದವರೇ ಈಗ ಸರ್ಕಾರದ ಕಣ್ಣಿಗೆ ಶತ್ರುಗಳಾಗಿದ್ದರು. ಕಾರ್ಮಿಕ ಒಕ್ಕೂಟವೂ ಆ ದಂಗೆಯ ಅಂಗವೇ ಎಂದು ಸರ್ಕಾರ ಹೇಳಿತು. 1951ರ ಜನವರಿ 26ರಂದು ಹೆರ್ನಾಂಡೆಜ್ ಬಂಧನವಾಯಿತು.

ದೋಷಾರೋಪ ಪಟ್ಟಿಯನ್ನು ಹೆಣೆದ ರೀತಿಯನ್ನು ಗಮನಿಸಬೇಕು. ಅಂದಿನ ಕಾನೂನಿನ ಪ್ರಕಾರ ದಂಗೆಯ ಅಪರಾಧಕ್ಕೆ ಹೆಚ್ಚೆಂದರೆ ಹನ್ನೆರಡು ವರ್ಷ ಸಜೆ. ಅದಕ್ಕೆ ಜಾಮೀನು ಸಿಗುತ್ತಿತ್ತು. ಆದ್ದರಿಂದ ಸರ್ಕಾರ ದಂಗೆಯ ಜೊತೆ ಕೊಲೆ, ಬೆಂಕಿ ಹಚ್ಚುವಿಕೆ, ದರೋಡೆಗಳನ್ನೂ ಸೇರಿಸಿ ಒಂದೇ ಸಂಯುಕ್ತ ಅಪರಾಧವೆಂದು ಹೊರಿಸಿತು. ಮರಣದಂಡನೆಗೆ ಅರ್ಹವಾದ ಅಪರಾಧವೆಂದಾದ ಕೂಡಲೇ ಜಾಮೀನಿನ ಬಾಗಿಲು ಮುಚ್ಚಿತು. ಕೆಳಗಿನ ಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು. ಐದೂವರೆ ವರ್ಷ ಅವರು ಸೆರೆಯಲ್ಲಿ ಕಳೆದರು.

ಮುಂಟಿನ್ಲುಪಾ ಜೈಲಿನಲ್ಲಿ ಅವರ ಕವಿತೆಗಳು ಹುಟ್ಟಿದವು. ಜೈಲಿನ ಕಿಟಕಿಗೆ ದಕ್ಕುವಷ್ಟೇ ಆಕಾಶವನ್ನು ಕುರಿತ 'ಇಸಾಂಗ್ ದಿಪಾಂಗ್ ಲಾಂಗಿತ್' ಅವುಗಳಲ್ಲೊಂದು. ಅದೇ ಹೆಸರಿನ ಸಂಕಲನ 1961ರಲ್ಲಿ ಹೊರಬಂತು. ಭೂಮಿ ಕಸಿಯುವವರ ಎದುರು ಹಳ್ಳಿಯ ಜನರೊಂದಿಗೆ ನಿಲ್ಲುವ ಮೇಷ್ಟ್ರೊಬ್ಬರ ಕಥೆಯನ್ನೂ ಅವರು ಕಾದಂಬರಿಯಾಗಿಸಿದರು. ಸಂಘದ ಸಭೆಗಳಲ್ಲಿ ಕೂತು ಕೇಳಿಸಿಕೊಂಡವರ ಬರಹ ಅದು. ಕೂಲಿ, ಗೇಣಿ, ಸಾಲ ಅಲ್ಲಿ ಬರಿಯ ಘೋಷಣೆಗಳಾಗಿ ಬರುವುದಿಲ್ಲ, ಒಂದೊಂದು ಮನೆಯ ಲೆಕ್ಕವಾಗಿ ಬರುತ್ತವೆ. ರಾಜಕೀಯ ಬೆರೆತರೆ ಕಾವ್ಯ ಕೆಡುತ್ತದೆ ಎನ್ನುವವರು ಇವರನ್ನು ಓದಬೇಕು.

1956ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ದಂಗೆಯ ಭಾಗವಾಗಿ ನಡೆದ ಕೃತ್ಯಗಳು ದಂಗೆಯ ಅಪರಾಧದಲ್ಲೇ ಅಡಕವಾಗಿರುತ್ತವೆ, ಅವುಗಳನ್ನು ಸೇರಿಸಿ ಶಿಕ್ಷೆ ಹೆಚ್ಚಿಸುವಂತಿಲ್ಲ ಎಂಬುದು ಅದರ ತಿರುಳು. 1964ರ ಮೇ 30ರಂದು ಅದೇ ಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಸಿದ್ಧಾಂತವೊಂದನ್ನು ಒಪ್ಪಿದ ಮಾತ್ರಕ್ಕೆ, ಅದರ ಪರವಾಗಿ ಭಾಷಣ ಮಾಡಿದ ಮಾತ್ರಕ್ಕೆ ಯಾರೂ ದಂಗೆಯ ಸಂಚುಕೋರರಾಗುವುದಿಲ್ಲ ಎಂದಿತು. ಬಂಧನದಿಂದ ಖುಲಾಸೆಗೆ ಹದಿಮೂರು ವರ್ಷ ಹಿಡಿದಿತ್ತು.

1970ರ ಮಾರ್ಚ್‌ನಲ್ಲಿ, ಮನಿಲಾದ ವಿದ್ಯಾರ್ಥಿಗಳು ಅಧ್ಯಕ್ಷ ಮಾರ್ಕೋಸ್ ವಿರುದ್ಧ ಬೀದಿಗಿಳಿದಿದ್ದ ದಿನಗಳಲ್ಲೇ, ಹೆರ್ನಾಂಡೆಜ್ ತೀರಿಕೊಂಡರು. 1972ರಲ್ಲಿ ಮಾರ್ಕೋಸ್ ಸೇನಾ ಶಾಸನ ಹೇರಿದರು. ಮರುವರ್ಷ ಅದೇ ಸರ್ಕಾರ ಹೆರ್ನಾಂಡೆಜ್ ಅವರಿಗೆ ಮರಣೋತ್ತರವಾಗಿ 'ರಾಷ್ಟ್ರೀಯ ಕಲಾವಿದ' ಗೌರವ ನೀಡಿತು. ಮುಂದೆ ಅದೇ ಸರ್ಕಾರ 1956ರ ಹೆರ್ನಾಂಡೆಜ್ ತೀರ್ಪನ್ನು ನಿಷ್ಫಲಗೊಳಿಸುವ ಆಜ್ಞೆಯನ್ನೂ ಹೊರಡಿಸಿತು. ಕವಿಗೆ ಪದಕ ಕೊಟ್ಟ ಕೈಯೇ ಆತನ ತೀರ್ಪನ್ನು ಅಳಿಸಹೊರಟಿತು.

ಮಾರ್ಕೋಸ್ ಪತನದ ನಂತರ ಅಧ್ಯಕ್ಷೆಯಾದ ಕೊರಾಜನ್ ಅಕಿನೊ ಆ ಆಜ್ಞೆಯನ್ನು ರದ್ದುಮಾಡಿದರು. 1990ರಲ್ಲಿ ಹುವಾನ್ ಪೊನ್ಸೆ ಎನ್ರಿಲೆ ಅವರ ಬಂಧನವಾಯಿತು. ಮಾರ್ಕೋಸ್ ಕಾಲದ ರಕ್ಷಣಾ ಮಂತ್ರಿ, ಸೇನಾ ಶಾಸನವನ್ನು ಜಾರಿಗೊಳಿಸಿದವರಲ್ಲಿ ಮುಖ್ಯರು ಅವರು. ಈಗ ಅವರ ಮೇಲೂ ಅದೇ ಹಳೆಯ ಆರೋಪ: ದಂಗೆ, ಜೊತೆಗೆ ಕೊಲೆ. ಸುಪ್ರೀಂ ಕೋರ್ಟ್ ಹೆರ್ನಾಂಡೆಜ್ ತೀರ್ಪನ್ನು ಎತ್ತಿಹಿಡಿಯಿತು. ಎನ್ರಿಲೆಗೂ ಜಾಮೀನಿನ ಹಕ್ಕಿದೆ ಎಂದಿತು.

ಹೀಗಾದದ್ದು ಸರಿಯೇ ಎಂದು ಗೆಳೆಯರು ಕೇಳುತ್ತಾರೆ. ಸರಿ ಎಂದೇ ನಾನು ಹೇಳುತ್ತೇನೆ. ಹಕ್ಕು ಎನ್ನುವುದು ನಮಗೆ ಇಷ್ಟವಾದವರಿಗೆ ಮಾತ್ರ ಸಿಗುವುದಾದರೆ ಅದು ಕೃಪೆ, ಕಾನೂನಲ್ಲ. ಕವಿಯ ಮೇಲೆ ಅನುಮಾನವಿದ್ದರೆ ಸರ್ಕಾರ ತನಿಖೆ ಮಾಡಲಿ, ಸಾಕ್ಷ್ಯ ತರಲಿ, ಬೇಗ ವಿಚಾರಣೆ ಮುಗಿಸಲಿ. ಜಾಮೀನು ತಪ್ಪಿಸುವ ಸಲುವಾಗಿಯೇ ಆರೋಪವನ್ನು ಉಬ್ಬಿಸಿದರೆ ತೀರ್ಪಿಗೆ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಖುಲಾಸೆಯ ಆದೇಶ ಕಳೆದ ವರ್ಷಗಳನ್ನು ಮರಳಿಸುವುದಿಲ್ಲ.

ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಫಿಲಿಪ್ಪೀನ್ಸ್‌ನ 2020ರ ಭಯೋತ್ಪಾದನಾ ವಿರೋಧಿ ಕಾಯ್ದೆಯಡಿ ನ್ಯಾಯಾಲಯದ ವಾರಂಟ್ ಇಲ್ಲದೆ ಬಂಧಿಸಿದವರನ್ನು 24 ದಿನಗಳವರೆಗೆ ಇಟ್ಟುಕೊಳ್ಳಬಹುದು. ಕಾರ್ಮಿಕ ನಾಯಕರು, ರೈತ ಸಂಘಟಕರು, ಬರಹಗಾರರಿಗೆ ಕಮ್ಯುನಿಸ್ಟ್ ಬಂಡುಕೋರರೆಂಬ ಹಣೆಪಟ್ಟಿ ಹಚ್ಚುವುದು ಅಲ್ಲಿ ನಿಂತಿಲ್ಲ. ಹಾಗೆ ಹಣೆಪಟ್ಟಿ ಹಚ್ಚುವುದು ಜೀವಕ್ಕೂ ಸ್ವಾತಂತ್ರ್ಯಕ್ಕೂ ಬೆದರಿಕೆ ಎಂದು 2024ರಲ್ಲಿ ಪ್ರಕಟವಾದ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಕವಿಗಳನ್ನು ಪ್ರೀತಿಸುವವರಿಗೆ ನನ್ನದೊಂದು ಕೋರಿಕೆ. ಜನ್ಮಶತಮಾನೋತ್ಸವದ ವೇದಿಕೆಗೆ ಹೋಗುವ ಮೊದಲು, ಬದುಕಿರುವ ಕವಿಯ ಜಾಮೀನು ಅರ್ಜಿ ಬರುವ ದಿನ ಕೋರ್ಟ್ ಹಾಲಿನಲ್ಲಿ ಬಂದು ಕೂರಿ. ಆತನ ಸಾಲುಗಳು ನಿಮಗೆ ಒಪ್ಪಿಗೆಯಾಗದಿದ್ದರೂ ಬನ್ನಿ.